ಹಳೆಯ ಕೆರೆ ಏರಿ ಎಷ್ಟು ಭದ್ರ? ಪದೇ ಪದೇ ಕೇಳುವ ಪ್ರಶ್ನೆಗಳು

ಕರ್ನಾಟಕದಲ್ಲಿ 36 ಸಾವಿರಕ್ಕೂ ಹೆಚ್ಚು ಕೆರೆಗಳಿವೆ. ಬಹುಪಾಲು ಏರಿಗಳು ಇಂಜಿನಿಯರಿಂಗ್ ಕಾಲೇಜು ಎಂಬುದು ಹುಟ್ಟುವ ಮೊದಲೇ ಕಟ್ಟಿದ ಮಣ್ಣಿನ ಅಣೆಕಟ್ಟುಗಳು. ಅಚ್ಚುಕಟ್ಟಿನ (ಕೆರೆಯ ನೀರು ಉಣ್ಣುವ ಜಮೀನಿನ) ರೈತರು, ಗದ್ದೆಗಳಿಗೆ ನೀರು ಬಿಡುವ ನೀರುಗಂಟಿಗಳು, ಕೆರೆ ಬಳಕೆದಾರರ ಸಂಘದವರು ಮತ್ತು ಪಂಚಾಯಿತಿ ಸದಸ್ಯರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ಯಾವ ಪ್ರಶ್ನೆಯಿಂದ ಬೇಕಾದರೂ ಓದಲು ಶುರು ಮಾಡಬಹುದು.

## ಮೊದಲು ತಿಳಿಯಬೇಕಾದ್ದು

ನಮ್ಮೂರ ಏರಿ ಮುನ್ನೂರು ವರ್ಷದಿಂದ ನಿಂತಿದೆ. ಇಷ್ಟು ವರ್ಷ ಒಡೆಯದ್ದು ಈಗ್ಯಾಕೆ ಒಡೆಯುತ್ತೆ?

ವಯಸ್ಸಾದ ಮಾತ್ರಕ್ಕೆ ಮಣ್ಣು ಸೋಲುವುದಿಲ್ಲ. ಚೆನ್ನಾಗಿ ಕೂತ ಹಳೆಯ ಏರಿ ಹೊಸದಕ್ಕಿಂತ ಗಟ್ಟಿಯಾಗಿರುವುದೂ ಉಂಟು. ಬದಲಾಗಿರುವುದು ಸುತ್ತಲಿನ ಪರಿಸ್ಥಿತಿ. ಹೆಚ್ಚಾದ ನೀರು ಹೊರಹೋಗುವ ಕೋಡಿ ಒತ್ತುವರಿಯಾಗಿದೆ, ಕೋಡಿ ಹಳ್ಳದಲ್ಲಿ ತೋಟ ಎದ್ದಿದೆ, ಗದ್ದೆಗೆ ನೀರು ಬಿಡುವ ತೂಬಿನ ಗಾರೆ ಉದುರಿದೆ, ಏರಿಯ ಮೇಲೆ ಬಳ್ಳಾರಿ ಜಾಲಿ ಬೇರುಬಿಟ್ಟಿದೆ, ಹೂಳು ತುಂಬಿ ನೀರು ಹಿಡಿಯುವ ಜಾಗ ಕಡಿಮೆಯಾಗಿದೆ. ಪ್ರತಿ ಬೇಸಿಗೆಯಲ್ಲಿ ಊರೇ ಸೇರಿ ಏರಿಗೆ ಮಣ್ಣು ಹಾಕುತ್ತಿದ್ದ ಪದ್ಧತಿ ನಿಂತಿದೆ. ಏರಿ ಮುನ್ನೂರು ವರ್ಷ ಬಾಳಿದ್ದು ಆ ಕೆಲಸದ ಬಲದಿಂದ.

ಏರಿ ಒಡೆಯೋದು ನಿಜವಾಗಿ ಹೇಗೆ? ನೀರಿನ ಭಾರಕ್ಕಾ?

ಭಾರಕ್ಕೆ ಏರಿ ಪಕ್ಕಕ್ಕೆ ಸರಿಯುವುದು ಬಹಳ ಅಪರೂಪ. ಜಗತ್ತಿನ ದೊಡ್ಡ ಮಣ್ಣಿನ ಅಣೆಕಟ್ಟುಗಳ ವೈಫಲ್ಯದಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಎರಡೇ ಕಾರಣಕ್ಕೆ ಆಗಿವೆ. ಒಂದು, ನೀರು ಏರಿಯ ನೆತ್ತಿ ಹತ್ತಿ ಆಚೆ ಧುಮುಕುವುದು. ಹಾಗೆ ಬಿದ್ದ ನೀರು ಹಿಂಬದಿಯ ಬುಡವನ್ನು ಕೊರೆಯುತ್ತದೆ, ಕೊರೆತ ಮೇಲಕ್ಕೆ ಏರುತ್ತಾ ನೆತ್ತಿಯನ್ನು ಕಿತ್ತುಹಾಕುತ್ತದೆ. ಗುಜರಾತಿನ ಮಚ್ಛು-2 ಅಣೆಕಟ್ಟಿನ ಮಣ್ಣಿನ ಭಾಗಗಳು 1979ರ ಆಗಸ್ಟ್ 11ರಂದು ಹೀಗೆ ಕೊಚ್ಚಿಹೋಗಿ ಮೋರ್ಬಿ ಪಟ್ಟಣ ಮುಳುಗಿತು.

ಎರಡನೆಯದು ಒಳಸವೆತ. ಏರಿಯ ಒಳಗೆ ಜಿನುಗುವ ನೀರು ಮಣ್ಣಿನ ಕಣಗಳನ್ನು ಒಂದೊಂದಾಗಿ ಹೊರಗೆ ಸಾಗಿಸುತ್ತದೆ. ಕೊರೆತ ಶುರುವಾಗುವುದು ಹಿಂಬದಿಯ ಬುಡದಲ್ಲಿ, ಬೆಳೆಯುವುದು ಹಿಮ್ಮುಖವಾಗಿ ಕೆರೆಯ ಕಡೆಗೆ. ಕೊಳವೆಯಂಥ ಆ ದಾರಿ ಕೆರೆಯನ್ನು ಮುಟ್ಟಿದ ಮೇಲೆ ಉಳಿಯುವುದು ಕೆಲವೇ ಗಂಟೆ, ಕೆಲವೊಮ್ಮೆ ನಿಮಿಷಗಳು. ಮಳೆಯೇ ಇಲ್ಲದ ಬಿಸಿಲ ದಿನದಲ್ಲೂ ಇದು ಆಗಬಹುದು. ಹಾಗಾಗಿ ಕೋಡಿ ಹರಿಯುವ ದಿನ ಮಾತ್ರ ಏರಿ ನೋಡಲು ಹೋದರೆ ಸಾಲದು.

ಏರಿ ಬುಡದಲ್ಲಿ ಯಾವಾಗಲೂ ಒಸರು ಇರುತ್ತೆ. ಅದು ಅಪಾಯವಾ?

ಒಂದು ತೊಟ್ಟೂ ಜಿನುಗದ ಮಣ್ಣಿನ ಏರಿ ಇಲ್ಲ. ನೀರು ತಿಳಿಯಾಗಿದ್ದು, ಕೆರೆಯ ಮಟ್ಟ ಅಷ್ಟೇ ಇದ್ದಾಗ ಒಸರೂ ಅಷ್ಟೇ ಇದ್ದರೆ ಗಾಬರಿ ಬೇಡ, ಗಮನ ಬೇಕು. ಕೆರೆ ಮಟ್ಟ ಏರದೆ ಒಸರು ಹೆಚ್ಚಿದರೆ, ಹೊಸ ಜಾಗದಲ್ಲಿ ಕಾಣಿಸಿಕೊಂಡರೆ, ಬುಡ ಬಿಟ್ಟು ಇಳಿಜಾರಿನ ಮೇಲ್ಭಾಗಕ್ಕೆ ಹತ್ತಿದರೆ ಅಥವಾ ನೀರಿನ ಬಣ್ಣ ಕೆಟ್ಟರೆ ಅಪಾಯ. ಇದ್ದಕ್ಕಿದ್ದಂತೆ ಒಸರು ನಿಂತರೂ ಒಳ್ಳೆಯ ಸುದ್ದಿಯಲ್ಲ, ಒಳಗೆ ಎಲ್ಲೋ ಕುಸಿದು ದಾರಿ ಕಟ್ಟಿರಬಹುದು.

ಬಣ್ಣವೊಂದನ್ನೇ ನೋಡಿ ತೀರ್ಮಾನಕ್ಕೆ ಬರಬೇಡಿ. ಒಂದು ಲೀಟರಿನ ಪಾರದರ್ಶಕ ಬಾಟಲಿಯಲ್ಲಿ ಒಸರು ನೀರು ಹಿಡಿದು ಒಂದು ಗಂಟೆ ಅಲ್ಲಾಡಿಸದೆ ಇಡಿ. ತಳದಲ್ಲಿ ನುಣುಪು ಮಣ್ಣಿನ ಗೆರೆ ಕೂತರೆ ಏರಿ ಒಳಗಿಂದ ಸವೆಯುತ್ತಿದೆ ಎಂದೇ ತಿಳಿದು ಅದೇ ದಿನ ಇಂಜಿನಿಯರಿಗೆ ಹೇಳಿ. ತಳ ಸ್ವಚ್ಛವಾಗಿದ್ದು ನೀರು ಮಬ್ಬಾಗಿಯೇ ಉಳಿದರೂ ಸುಮ್ಮನಾಗಬೇಡಿ, ಜೇಡಿ ಕಣ ಕೂರಲು ದಿನಗಳೇ ಬೇಕು.

ಇಂದಿನ ಆಂಧ್ರದ ಪೋರುಮಾಮಿಳ್ಳದಲ್ಲಿ ವಿಜಯನಗರ ಕಾಲದ 1369ರ ಕೆರೆ ಶಾಸನವಿದೆ. ಅದು ಕೆರೆಗೆ ಆರು ದೋಷಗಳನ್ನು ಹೇಳುತ್ತದೆ. ಏರಿಯಿಂದ ನೀರು ಜಿನುಗುವುದು ಅವುಗಳಲ್ಲೊಂದು.

ನಮ್ಮ ಕೆರೆಯ ಹೊಣೆ ಯಾರದು? ಅರ್ಜಿ ಕೊಟ್ಟರೆ ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸ್ತಾರೆ.

ಅಚ್ಚುಕಟ್ಟಿನ ವಿಸ್ತೀರ್ಣ ನೋಡಿ. ಸಾಮಾನ್ಯವಾಗಿ 40 ಹೆಕ್ಟೇರಿಗಿಂತ ಕಡಿಮೆ ಅಚ್ಚುಕಟ್ಟಿನ ಕೆರೆಗಳು ಪಂಚಾಯತ್ ರಾಜ್ ವ್ಯವಸ್ಥೆಗೆ, 40ರಿಂದ 2,000 ಹೆಕ್ಟೇರಿನವು ಸಣ್ಣ ನೀರಾವರಿ ಇಲಾಖೆಗೆ ಸೇರುತ್ತವೆ. ಅರ್ಜಿಯಲ್ಲಿ ಕೆರೆಯ ಹೆಸರಿನ ಜೊತೆ ಸರ್ವೆ ನಂಬರ್, ಅಚ್ಚುಕಟ್ಟಿನ ಹೆಕ್ಟೇರ್, ದೋಷ ಇರುವ ಜಾಗ ತೂಬಿನಿಂದ ಎಷ್ಟು ಮೀಟರ್ ದೂರ, ಅಂದು ಕೆರೆಯ ನೀರಿನ ಮಟ್ಟ ಎಷ್ಟು ಎಂದು ಬರೆದು ಫೋಟೊ ಲಗತ್ತಿಸಿ. ಇಷ್ಟು ವಿವರ ಇರುವ ಅರ್ಜಿಯನ್ನು ತಳ್ಳಿಹಾಕುವುದು ಕಷ್ಟ.

ಅಣೆಕಟ್ಟು ಸುರಕ್ಷತಾ ಕಾಯ್ದೆ ಕೆರೆಗಳಿಗೂ ಅನ್ವಯ ಆಗುತ್ತಾ?

ಕೆಲವಕ್ಕೆ ಆಗುತ್ತದೆ. 2021ರ ಈ ಕೇಂದ್ರ ಕಾಯ್ದೆ 15 ಮೀಟರಿಗಿಂತ ಎತ್ತರದ ಎಲ್ಲ ಅಣೆಕಟ್ಟುಗಳಿಗೂ ಅನ್ವಯ. ಎತ್ತರ 10ರಿಂದ 15 ಮೀಟರ್ ಇದ್ದರೆ ಏರಿಯ ಉದ್ದ 500 ಮೀಟರಿಗೆ ಕಡಿಮೆ ಇಲ್ಲದಿರುವುದು ಅಥವಾ ನೀರಿನ ಸಾಮರ್ಥ್ಯ 10 ಲಕ್ಷ ಘನ ಮೀಟರಿಗೆ ಕಡಿಮೆ ಇಲ್ಲದಿರುವುದು ಮುಂತಾದ ಷರತ್ತುಗಳಲ್ಲಿ ಒಂದು ಹೊಂದಿದರೂ ಸಾಕು. ಎತ್ತರ ಅಳೆಯುವುದು ಅಡಿಪಾಯದ ಅತಿ ತಗ್ಗಿನ ಜಾಗದಿಂದ ಎಂಬುದು ನೆನಪಿರಲಿ. ಕಾಯ್ದೆಗೆ ಒಳಪಟ್ಟರೆ ಮಳೆಗಾಲದ ಮುಂಚೆ ಮತ್ತು ನಂತರ ವರ್ಷಕ್ಕೆರಡು ತಪಾಸಣೆ ಕಡ್ಡಾಯ. ಕಾಯ್ದೆ ಜಾರಿಯಾದ 5 ವರ್ಷದೊಳಗೆ ತುರ್ತು ಕ್ರಿಯಾ ಯೋಜನೆಯೂ ಸಿದ್ಧವಾಗಬೇಕು. ನಮ್ಮ ಹಳ್ಳಿಗಳ ಬಹುಪಾಲು ಕೆರೆಗಳು ಈ ಮಿತಿಗಿಂತ ಚಿಕ್ಕವು. ಕಾನೂನು ಹೇಳದಿದ್ದರೂ ಅದೇ ಶಿಸ್ತನ್ನು ಊರವರೇ ಪಾಲಿಸಬೇಕು, ಏಕೆಂದರೆ 6 ಮೀಟರ್ ಏರಿಯ ಕೆಳಗೂ ಮನೆಗಳಿವೆ.

## ನೋಡುವುದು, ಅಳೆಯುವುದು

ಮುಂಗಾರಿಗೆ ಮುಂಚೆ ಏನೇನು ನೋಡಬೇಕು?

ಏಪ್ರಿಲ್ ಅಥವಾ ಮೇ ತಿಂಗಳಲ್ಲಿ ಗಿಡಗಂಟಿ ಸವರಿದ ಮೇಲೆ ನೋಡಿ. ಪೊದೆ ಮುಚ್ಚಿದ ಏರಿಯಲ್ಲಿ ನೋಡಿದರೂ ಏನೂ ಕಾಣುವುದಿಲ್ಲ. ಮೂರು ಸಾಲಲ್ಲಿ ನಡೆಯಿರಿ: ನೆತ್ತಿಯ ಮೇಲೆ, ನೀರಿನ ಬದಿಯಲ್ಲಿ, ಹಿಂಬದಿಯ ಬುಡದಲ್ಲಿ. ಹಿಂಬದಿಯ ಬುಡದ ನಡಿಗೆಗೆ ಉಳಿದೆರಡಕ್ಕೂ ಸೇರಿ ಕೊಡುವಷ್ಟು ಸಮಯ ಕೊಡಿ.

ನೆತ್ತಿಯ ಮೇಲೆ ತಗ್ಗು ಹುಡುಕಿ. ದಾರ ಮತ್ತು ನೀರುಮಟ್ಟದ ಪೈಪು ಸಾಕು, 10 ಮೀಟರಿಗೊಂದು ಅಳತೆ. ನೆತ್ತಿಯ ಅತಿ ತಗ್ಗಿನ ಬಿಂದುವೇ ಆ ಏರಿಯ ನಿಜವಾದ ಎತ್ತರ. ಕೋಡಿ ತುಂಬು ಹರಿಯುವಾಗಿನ ಮಟ್ಟಕ್ಕಿಂತ ಅದು ಕನಿಷ್ಠ 1 ಮೀಟರ್ ಮೇಲಿರಬೇಕು. ದನ ಹತ್ತಿ ಇಳಿಯುವ ಜಾಡು, ಟ್ರ್ಯಾಕ್ಟರ್ ದಾಟುವ ಜಾಗ ಸಾಮಾನ್ಯವಾಗಿ 30–40 ಸೆಂ.ಮೀ. ತಗ್ಗಾಗಿರುತ್ತವೆ.

ನೀರಿನ ಬದಿಯಲ್ಲಿ ಕಲ್ಲುಹೊದಿಕೆ ಜಾರಿದೆಯೇ, ಕಲ್ಲಿನ ಹಿಂದೆ ಟೊಳ್ಳಾಗಿದೆಯೇ ನೋಡಿ. ಹಿಂಬದಿಯಲ್ಲಿ ಬೇಸಿಗೆಯಲ್ಲೂ ಹಸಿರಾಗಿರುವ ಹುಲ್ಲಿನ ತೇಪೆ, ಜೊಂಡು, ಕಾಲಿಟ್ಟರೆ ಮೆತ್ತಗಾಗುವ ನೆಲ, ಹೆಗ್ಗಣದ ಬಿಲ, ಹುತ್ತ ಇವುಗಳಿಗೆ ಗೂಟ ಹೊಡೆದು ನಂಬರ್ ಬರೆಯಿರಿ. ಬಿಲದೊಳಗೆ ಕೋಲು ತೂರಿಸಿ ಆಳ ಮತ್ತು ದಿಕ್ಕು ನೋಡಿ. ಏರಿಗೆ ಅಡ್ಡಲಾಗಿ ಹೋಗುವ ಬಿಲವನ್ನು ಬರೀ ಬಾಯಿ ಮುಚ್ಚಿದರೆ ಪ್ರಯೋಜನವಿಲ್ಲ, ಕೊನೆಯವರೆಗೂ ಅಗೆದು ತೇವದ ಜೇಡಿಮಣ್ಣನ್ನು 15 ಸೆಂ.ಮೀ. ಪದರದಲ್ಲಿ ದಮ್ಮಸ್ಸು ಮಾಡಿ (ಬಡಿದು ಗಟ್ಟಿಮಾಡಿ) ತುಂಬಬೇಕು.

ನೆತ್ತಿಯಲ್ಲಿ ಬಿರುಕು ಬಿಟ್ಟಿದೆ. ಎಷ್ಟು ಹೆದರಬೇಕು?

ಮೊದಲು ದಿಕ್ಕು ನೋಡಿ. ಏರಿಯ ಉದ್ದಕ್ಕೆ, ಅರ್ಧಚಂದ್ರದಂತೆ ಬಾಗಿದ ಬಿರುಕಿದ್ದು, ಅದರ ಒಂದು ಬದಿ ಇನ್ನೊಂದಕ್ಕಿಂತ ಕುಸಿದಿದ್ದರೆ ಇಳಿಜಾರು ಜಾರುತ್ತಿದೆ. ಏರಿಗೆ ಅಡ್ಡಲಾಗಿ, ಕೆರೆಯಿಂದ ಗದ್ದೆಯ ಕಡೆಗೆ ಸಾಗುವ ಬಿರುಕು ಮಟ್ಟ ಏರಿದಾಗ ನೀರಿಗೆ ನೇರ ದಾರಿಯಾಗುತ್ತದೆ. ಇವೆರಡಕ್ಕೂ ಇಂಜಿನಿಯರ್ ಬೇಕು. ಎರೆಮಣ್ಣಿನ ಏರಿಯಲ್ಲಿ ಜೇನುಗೂಡಿನಂತೆ ಕಾಣುವ ಬಿರುಕುಗಳು ಒಣಗಿದ್ದರಿಂದ ಆದವು. ಬೆರಳಿನಷ್ಟು ಆಳವಾದರೆ ಚಿಂತೆಯಿಲ್ಲ, ಒಂದು ಮೀಟರ್ ದಾಟಿದ್ದರೆ ಅದನ್ನೂ ಅಡ್ಡ ಬಿರುಕಿನಂತೆಯೇ ಪರಿಗಣಿಸಿ.

ಬಿರುಕಿನ ಎರಡೂ ಬದಿ ಒಂದೊಂದು ಕಬ್ಬಿಣದ ಗೂಟ ಹೊಡೆದು ನಡುವಿನ ಅಂತರವನ್ನು ದಿನವೂ ಒಂದೇ ಹೊತ್ತಿಗೆ ಬರೆದಿಡಿ. ಮಳೆ ನೀರು ಇಳಿಯದಂತೆ ಟಾರ್ಪಾಲು ಹೊದಿಸಿ. ದುರಸ್ತಿಗೆ ಮುಂಚೆ ಸುಣ್ಣದ ತಿಳಿ ಸುರಿದರೆ, ಅಗೆಯುವಾಗ ಬಿಳಿ ಗೆರೆ ಹಿಡಿದು ಬಿರುಕಿನ ಕೊನೆ ಮುಟ್ಟಬಹುದು. ಅಲ್ಲಿಂದ ಇನ್ನೂ 30 ಸೆಂ.ಮೀ. ಆಳಕ್ಕೆ ಅಗೆದು ತುಂಬಿ. ಮೇಲಿಂದ ಸಿಮೆಂಟ್ ಹಾಲು ಸುರಿದರೆ ಬಿರುಕು ಕಣ್ಣಿಗೆ ಮರೆಯಾಗುತ್ತದೆ, ಒಳಗೆ ಹಾಗೇ ಇರುತ್ತದೆ.

ತೂಬು ಪೂರ್ತಿ ಮುಚ್ಚಿದ್ದರೂ ಕಾಲುವೆಗೆ ನೀರು ಬರ್ತಾನೇ ಇದೆ. ಗೇಟ್ ಬದಲಿಸಿದರೆ ಸಾಕಾ?

ಗೇಟಿನ ಸೋರಿಕೆಯಾದರೆ ಸಾಕು. ಆದರೆ ನೀರು ತೂಬಿನ ಕಲ್ಲುಗಾಲುವೆಯ ಒಳಗಿಂದ ಬರುತ್ತಿದೆಯೋ, ಅದರ ಹೊರಮೈ ಪಕ್ಕದ ಮಣ್ಣಿನಿಂದ ಬರುತ್ತಿದೆಯೋ ಎಂದು ಮೊದಲು ಖಚಿತಪಡಿಸಿಕೊಳ್ಳಿ. ಹೊರಬಾಯಿಯಲ್ಲಿ ನಿಂತು ಟಾರ್ಚ್ ಹಿಡಿದರೆ ತಿಳಿಯುತ್ತದೆ. ಒಳಗೆ ನುಗ್ಗಬೇಡಿ. ಕಲ್ಲಿನ ಮೈ ಮತ್ತು ಮಣ್ಣು ಸೇರುವ ಜಾಗವೇ ಹಳೆಯ ಏರಿಯ ಅತ್ಯಂತ ದುರ್ಬಲ ಗೆರೆ. ಅಲ್ಲಿ ದಮ್ಮಸ್ಸು ಸರಿಯಾಗಿ ಬೀಳುವುದಿಲ್ಲ, ಗಾರೆ ಉದುರಿದ ಸಂದಿಯಿಂದ ಮಣ್ಣು ಕಾಲುವೆಯೊಳಗೆ ಇಳಿಯುತ್ತಾ ಹೋಗುತ್ತದೆ. ತೂಬಿನ ನೇರಕ್ಕೆ ನೆತ್ತಿಯ ಮೇಲೆ ತಟ್ಟೆಯಷ್ಟು ಗುಳಿ ಬಿದ್ದಿದ್ದರೆ, ಅದಕ್ಕೆ ಮಣ್ಣು ಹಾಕಿದಷ್ಟೂ ಮತ್ತೆ ಕುಳಿಯುತ್ತಿದ್ದರೆ, ಅದೇ ಲಕ್ಷಣ. 1961ರ ಜುಲೈ 12ರಂದು ಪುಣೆಯನ್ನು ಮುಳುಗಿಸಿದ ಪಾನ್‌ಶೇತ್ ದುರಂತವೂ ಏರಿಯಡಿಯ ನೀರು ಬಿಡುವ ಕಾಲುವೆ ಕೆಟ್ಟು, ಅದರ ಮೇಲಿನ ಮಣ್ಣು ಕುಸಿದದ್ದರಿಂದಲೇ ಆದದ್ದು.

ಒಸರು ಹೆಚ್ಚಾಗಿದೆಯಾ ಕಡಿಮೆಯಾಗಿದೆಯಾ ಅಂತ ಕಣ್ಣಂದಾಜಿಗೆ ಗೊತ್ತಾಗಲ್ಲ. ಅಳೆಯೋದು ಹೇಗೆ?

ಬುಡದ ಚರಂಡಿಗೆ ಅಡ್ಡಲಾಗಿ ಒಂದು ತಗಡು ನಿಲ್ಲಿಸಿ, ಅದರಲ್ಲಿ 90 ಡಿಗ್ರಿ ಕೋನದ ವಿ ಆಕಾರದ ಕಚ್ಚು ಕತ್ತರಿಸಿ. ತಗಡಿನ ಸುತ್ತ ಜೇಡಿ ಮೆತ್ತಿ ನೀರು ಕಚ್ಚಿನಲ್ಲಿ ಮಾತ್ರ ಹರಿಯುವಂತೆ ಮಾಡಿ. ಕಚ್ಚಿನ ಚೂಪು ತಳದಿಂದ ನೀರಿನ ಎತ್ತರವನ್ನು, ತಗಡಿಗೆ ಅರ್ಧ ಮೀಟರ್ ಹಿಂದೆ, ಅಳೆಯಿರಿ. 5 ಸೆಂ.ಮೀ. ಇದ್ದರೆ ಸೆಕೆಂಡಿಗೆ ಸುಮಾರು 0.8 ಲೀಟರ್, 7 ಇದ್ದರೆ 1.8, 10 ಇದ್ದರೆ 4.4 ಲೀಟರ್. ನೀರಿನ ಎತ್ತರ ಇಮ್ಮಡಿಯಾದರೆ ಹರಿವು ಐದೂವರೆ ಪಟ್ಟು ಏರುತ್ತದೆ, ಆದ್ದರಿಂದ ಒಂದೆರಡು ಸೆಂಟಿಮೀಟರ್ ವ್ಯತ್ಯಾಸವನ್ನು ಕಡೆಗಣಿಸಬೇಡಿ.

ಪುಸ್ತಕದಲ್ಲಿ ನಾಲ್ಕು ಕಾಲಂ ಸಾಕು: ದಿನಾಂಕ, ಕೆರೆ ಮಟ್ಟ, ಕಚ್ಚಿನ ಎತ್ತರ, ಹಿಂದಿನ 24 ಗಂಟೆಯ ಮಳೆ. ಕೆರೆ ಮಟ್ಟ ಬರೆಯದ ಅಳತೆಯಿಂದ ಉಪಯೋಗವಿಲ್ಲ. ಮಳೆಯ ದಿನದ ಅಳತೆಯಲ್ಲಿ ಇಳಿಜಾರಿನ ನೀರೂ ಸೇರಿರುತ್ತದೆ.

## ಒಳ್ಳೆಯದೆಂದು ಮಾಡಿ ಕೆಡಿಸುವುದು

ಕೋಡಿ ಮೇಲೆ ಒಂದಡಿ ಮರಳು ಚೀಲ ಇಟ್ಟರೆ ಎರಡನೇ ಬೆಳೆಗೆ ನೀರು ಸಿಗುತ್ತೆ. ಅದರಲ್ಲೇನು ತಪ್ಪು?

ಲೆಕ್ಕ ನೋಡಿ. 20 ಮೀಟರ್ ಉದ್ದದ ಕೋಡಿಯ ಮೇಲೆ 60 ಸೆಂ.ಮೀ. ಆಳದ ನೀರು ಹರಿದರೆ ಸೆಕೆಂಡಿಗೆ ಸುಮಾರು 16 ಘನ ಮೀಟರ್ ಆಚೆ ಹೋಗುತ್ತದೆ. 30 ಸೆಂ.ಮೀ. ಚೀಲ ಇಟ್ಟ ಮೇಲೆ ಕೆರೆ ಅದೇ ಮಟ್ಟಕ್ಕೆ ಏರಿದಾಗ ಹೋಗುವುದು ಐದೂವರೆ ಘನ ಮೀಟರ್ ಮಾತ್ರ. ಕೋಡಿಯ ಶಕ್ತಿ ಮೂರರಲ್ಲಿ ಒಂದಕ್ಕೆ ಇಳಿಯಿತು. ಉಳಿದ ನೀರು ಏರಿಯ ನೆತ್ತಿಯ ತಗ್ಗನ್ನು ಹುಡುಕುತ್ತದೆ.

ಮಳೆ ಬಂದಾಗ ಚೀಲ ತೆಗೆಯುತ್ತೇವೆ ಎನ್ನುವವರಿದ್ದಾರೆ. ದೊಡ್ಡ ಮಳೆ ಬರುವುದು ಹೆಚ್ಚಾಗಿ ರಾತ್ರಿ, ಹರಿಯುವ ಕೋಡಿಗೆ ಆಗ ಯಾರೂ ಇಳಿಯಲಾಗದು, ಇಳಿಯಲೂಬಾರದು. ಕೋಡಿಯ ಮೇಲೆ ಮೀನು ಹೋಗದಂತೆ ಕಟ್ಟುವ ಬಲೆಯೂ ಇದೇ ಕೆಲಸ ಮಾಡುತ್ತದೆ, ಕಸ ಸಿಕ್ಕಿ ಗೋಡೆಯಾಗುತ್ತದೆ. ಹೆಚ್ಚು ನೀರು ಬೇಕಿದ್ದರೆ ಹೂಳು ತೆಗೆಸಿ, ತೂಬಿನ ಸೋರಿಕೆ ನಿಲ್ಲಿಸಿ, ಪೋಷಕ ಕಾಲುವೆ ಬಿಡಿಸಿ. ಕೋಡಿಯನ್ನು ಮಾತ್ರ ಮುಟ್ಟಬೇಡಿ.

ಏರಿ ಮೇಲಿನ ಮರಗಳು ಮಣ್ಣು ಹಿಡಿದಿಟ್ಟಿವೆ ಅಲ್ವಾ? ಕಡಿಯಬೇಕು ಅಂತಾರೆ.

ಏರಿಗೆ ಬೇಕಾದ್ದು ಗರಿಕೆಯಂಥ ಹುಲ್ಲು, ಮರವಲ್ಲ. ಗಾಳಿಗೆ ಮರ ಉರುಳಿದರೆ ಬೇರಿನ ಗೆಡ್ಡೆಯೊಂದಿಗೆ ಏರಿಯ ಒಂದು ತುಂಡೇ ಎದ್ದು ಬರುತ್ತದೆ. ಆದರೆ ದೊಡ್ಡ ಮರವನ್ನು ಬರೀ ಕಡಿದು ಬಿಡುವುದು ಇನ್ನೂ ಕೆಟ್ಟದ್ದು, ಬೇರು ಕೊಳೆತು ಆ ದಾರಿಯಲ್ಲಿ ನೀರು ಹರಿಯುತ್ತದೆ. ಮಣಿಕಟ್ಟಿಗಿಂತ ತೆಳ್ಳಗಿನ ಗಿಡಗಳನ್ನು ಈ ವರ್ಷವೇ ನೆಲಮಟ್ಟಕ್ಕೆ ಸವರಿ. ದಪ್ಪ ಮರಗಳನ್ನು ಕೆರೆ ತಗ್ಗಿರುವ ಬೇಸಿಗೆಯಲ್ಲಿ, ಇಲಾಖೆಯ ಒಪ್ಪಿಗೆ ಪಡೆದು, ಬುಡ ಮತ್ತು ಬೆರಳುಗಾತ್ರದ ಬೇರುಗಳವರೆಗೆ ಕಿತ್ತು, ಗುಂಡಿಯನ್ನು ಪದರ ಪದರವಾಗಿ ತುಂಬಬೇಕು. ಹಿಂಬದಿಯ ಬುಡದಿಂದ 8 ಮೀಟರ್ ಮರವಿಲ್ಲದೆ ಇರಲಿ.

ಹೂಳನ್ನು ಏರಿ ಪಕ್ಕದಿಂದಲೇ ತೆಗೆದರೆ ಸಾಗಿಸೋದು ಸುಲಭ. ತೆಗೀಬಹುದಾ?

ಬೇಡ. ನೀರಿನ ಬದಿಯ ಬುಡದಲ್ಲಿ ನೂರಾರು ವರ್ಷ ಕೂತ ನುಣುಪು ಹೂಳು ತಾನೇ ಹಾಸಿದ ಜೇಡಿ ಹೊದಿಕೆ, ಒಸರನ್ನು ತಡೆಯುವುದು ಅದೇ. ಅದನ್ನು ಕಿತ್ತರೆ ಅಡಿಯ ಮರಳು ಪದರ ತೆರೆದು, ಮುಂದಿನ ಮಳೆಗೆ ಗದ್ದೆಯಲ್ಲಿ ಬುಗ್ಗೆ ಏಳುತ್ತದೆ. ಏರಿಯ ಎತ್ತರದ ಕನಿಷ್ಠ 5 ಪಟ್ಟು, ಸಾಧ್ಯವಾದರೆ 10 ಪಟ್ಟು ದೂರ ಬಿಟ್ಟು ತೆಗೆಯಿರಿ. ಹಿಂಬದಿಯಲ್ಲಿ ಇಟ್ಟಿಗೆ ಗೂಡಿಗೆ ಮಣ್ಣು ತೆಗೆಯುವವರಿಗೂ ಮೀನುಹೊಂಡ ತೋಡುವವರಿಗೂ ಇದೇ ಅಳತೆ.

ಏರಿ ಮೇಲೆ ಡಾಂಬರು ರಸ್ತೆ ಆಗಿದೆ, ನೀರಿನ ಪೈಪೂ ಹೂತಿದ್ದಾರೆ. ತೊಂದರೆ ಇದೆಯಾ?

ರಸ್ತೆಯಿಂದ ಒಂದು ಲಾಭ, ಏರಿ ಮೇಲೆ ಜನರ ಕಣ್ಣಿರುತ್ತದೆ. ನಷ್ಟವೆಂದರೆ ಡಾಂಬರು ಬಿರುಕನ್ನೂ ಗುಳಿಯನ್ನೂ ಮುಚ್ಚಿಡುತ್ತದೆ. ರಸ್ತೆಯ ಇಳಿಜಾರು ಕೆರೆಯ ಕಡೆಗಿರಬೇಕು, ಮಳೆ ನೀರು ಹಿಂಬದಿಗೆ ಬಿದ್ದರೆ ಕೊರಕಲು ಬೀಳುತ್ತದೆ. ಒತ್ತಡದ ಪೈಪು ಏರಿಯೊಳಗೆ ಇರಲೇಬಾರದು, ಅದರ ಒಂದು ಜಾಯಿಂಟ್ ಬಿಚ್ಚಿಕೊಂಡರೆ ಕೆರೆ ಖಾಲಿಯಿದ್ದರೂ ಏರಿ ಕರಗುತ್ತದೆ.

## ತುರ್ತು ಹೊತ್ತು, ದುರಸ್ತಿ

ಕೆರೆ ಇಪ್ಪತ್ತು ವರ್ಷದ ಮೇಲೆ ತುಂಬಿದೆ. ಬಾಗಿನ ಬಿಡೋ ಸಂಭ್ರಮದಲ್ಲಿದ್ದೀವಿ. ಏನಾದರೂ ಎಚ್ಚರ ಬೇಕಾ?

ಬೇಕು. ಬರದ ವರ್ಷಗಳಲ್ಲಿ ಏರಿ ಒಣಗಿ ಬಿರಿದಿರುತ್ತದೆ, ಬಿಲಗಳು ಹೆಚ್ಚಿರುತ್ತವೆ, ತೂಬನ್ನು ಯಾರೂ ಎತ್ತಿರುವುದಿಲ್ಲ. ಇಂಥ ತುಂಬುವಿಕೆ ಹೊಸ ಅಣೆಕಟ್ಟಿನ ಮೊದಲ ತುಂಬುವಿಕೆಯಷ್ಟೇ ಸೂಕ್ಷ್ಮ. ಮಟ್ಟ ಏರುತ್ತಿರುವಷ್ಟು ದಿನ, ಪೂರ್ತಿ ತುಂಬಿದ ಮೇಲೆ ಇನ್ನೂ ಎರಡು ವಾರ, ಬೆಳಿಗ್ಗೆ ಸಂಜೆ ಹಿಂಬದಿಯ ಬುಡ ನೋಡಿ. ಸಂಭ್ರಮದ ದಿನ ನೂರಾರು ಜನ ಕೋಡಿಯ ಪಕ್ಕದ ಏರಿಯಂಚಿನಲ್ಲಿ ನಿಲ್ಲದಂತೆ ಹಗ್ಗ ಕಟ್ಟಿ.

ಕೋಲಾರದ ಕೆರೆಗಳದು ಇನ್ನೊಂದು ಬಗೆ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಹರಿದು, ಹಿಂದೆ ವರ್ಷಕ್ಕೆ ಕೆಲವು ತಿಂಗಳು ಮಾತ್ರ ನೆನೆಯುತ್ತಿದ್ದ ಏರಿಗಳು ಈಗ ವರ್ಷವಿಡೀ ನೆನೆದಿರುತ್ತವೆ. ಮೊದಲೇ ತುಂಬಿರುವ ಕೆರೆಗೆ ಮಳೆಯ ನೀರು ಹಿಡಿಯಲು ಜಾಗವೂ ಇರುವುದಿಲ್ಲ. 2021ರ ನವೆಂಬರಿನ ಭಾರಿ ಮಳೆಯಂಥದ್ದು ಬಂದರೆ ಬಂದ ನೀರೆಲ್ಲ ನೇರ ಕೋಡಿಗೇ ಬರುತ್ತದೆ. ಅಲ್ಲಿ ಕೋಡಿಯ ಅಗಲವನ್ನು ಹೊಸದಾಗಿ ಲೆಕ್ಕ ಹಾಕಿಸಲೇಬೇಕು.

ಬುಡದಲ್ಲಿ ನೀರು ಬುಗ್ಗೆಯಾಗಿ ಎದ್ದು ಮಣ್ಣು ಬರ್ತಿದೆ. ಇಂಜಿನಿಯರ್ ಬರೋ ತನಕ ಏನು ಮಾಡೋದು?

ಮೊದಲು 112ಕ್ಕೂ ಜಿಲ್ಲಾ ವಿಪತ್ತು ಕೇಂದ್ರದ 1077ಕ್ಕೂ ಕರೆ ಮಾಡಿ, ಹಳ್ಳದ ಅಂಚಿನ ಮನೆಗಳನ್ನು ಖಾಲಿ ಮಾಡಿಸಿ. ಕೆಲಸ ಆಮೇಲೆ.

ಬುಗ್ಗೆಯ ಬಾಯಿಗೆ ಜೇಡಿಮಣ್ಣು ಹಾಕಿ ಮುಚ್ಚಬೇಡಿ, ಪ್ಲಾಸ್ಟಿಕ್ ಹೊದಿಸಬೇಡಿ. ಒಳಗಿನ ಒತ್ತಡ ಇನ್ನೊಂದು ಕಡೆ ಕಿತ್ತುಕೊಂಡು ಬರುತ್ತದೆ. ನೀರನ್ನು ಬಿಡಬೇಕು, ಮಣ್ಣನ್ನು ತಡೆಯಬೇಕು. ಬುಗ್ಗೆಯ ಸುತ್ತ ಒಂದು ಮೀಟರ್ ಜಾಗ ಬಿಟ್ಟು ಮರಳು ಚೀಲಗಳ ಉಂಗುರ ಕಟ್ಟಿ. ಚೀಲ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮಾತ್ರ ತುಂಬಿರಲಿ, ಆಗ ಒಂದರ ಮೇಲೊಂದು ಅಂಟಿ ಕೂರುತ್ತದೆ. ಉಂಗುರದೊಳಗೆ ನೀರು ನಿಂತು ಎತ್ತರವಾದಂತೆ ಬುಗ್ಗೆಯ ರಭಸ ಇಳಿಯುತ್ತದೆ. ನೀರು ತಿಳಿಯಾದ ಎತ್ತರಕ್ಕೆ ನಿಲ್ಲಿಸಿ, ಹೆಚ್ಚಿನ ನೀರು ಹೋಗಲು ಒಂದು ಪೈಪಿಡಿ.

ಬುಗ್ಗೆಯಿಲ್ಲದೆ ಇಳಿಜಾರೇ ನೆನೆದು ಮೆತ್ತಗಾಗುತ್ತಿದ್ದರೆ 30 ಸೆಂ.ಮೀ. ದಪ್ಪಕ್ಕೆ ಒರಟು ಮರಳು, ಅದರ ಮೇಲೆ 30 ಸೆಂ.ಮೀ. ಜಲ್ಲಿ, ಅದರ ಮೇಲೆ ಸೈಜುಗಲ್ಲು ಹಾಸಿ. ಈ ಕ್ರಮ ತಪ್ಪಬಾರದು. 3 ಮೀಟರ್ ಉದ್ದ, 3 ಮೀಟರ್ ಅಗಲದ ಜಾಗಕ್ಕೆ 2.7 ಘನ ಮೀಟರ್ ಮರಳು, ಅಂದರೆ ಹೆಚ್ಚುಕಡಿಮೆ ಒಂದು ಟ್ರ್ಯಾಕ್ಟರ್ ಲೋಡು. ಕೆರೆಯ ಬದಿಯಲ್ಲಿ ನೀರು ಸುಳಿ ಸುತ್ತುತ್ತಿದ್ದರೆ ಅದು ಕೊಳವೆಯ ಒಳಬಾಯಿ. ಮುಚ್ಚಬೇಕಾದ್ದು ಆ ಕಡೆ, ಮೊದಲು ದೊಡ್ಡ ಕಲ್ಲು, ಆಮೇಲೆ ಹುಲ್ಲಿನ ಹೊರೆ, ಮಣ್ಣಿನ ಚೀಲ. ಸುಳಿಯ ಹತ್ತಿರ ಯಾರೂ ನೀರಿಗೆ ಇಳಿಯಬಾರದು.

ಮಳೆಗಾಲಕ್ಕೆ ಮುಂಚೆಯೇ 500 ಖಾಲಿ ಚೀಲ, ಎರಡು ಲೋಡು ಮರಳು, ಒಂದೊಂದು ಲೋಡು ಜಲ್ಲಿ ಮತ್ತು ಸೈಜುಗಲ್ಲು ಏರಿಯ ಹತ್ತಿರ ಇರಲಿ. ಆ ರಾತ್ರಿ ಹುಡುಕಿದರೆ ಯಾವುದೂ ಸಿಗದು.

ಅಪಾಯ ಕಂಡರೆ ತೂಬು ಪೂರ್ತಿ ಎತ್ತಿ ಕೆರೆ ಖಾಲಿ ಮಾಡೋದೇ ಒಳ್ಳೇದಲ್ವಾ?

ಏರಿ ಒಡೆಯುವ ಹಂತದಲ್ಲಿದ್ದರೆ ಹೌದು, ತೂಬೇ ಕೆಟ್ಟಿಲ್ಲದಿದ್ದರೆ. ಆದರೆ ಬರೀ ದುರಸ್ತಿಗೆ ಇಳಿಸುವಾಗ ದಿನಕ್ಕೆ 30 ಸೆಂ.ಮೀ. ಸುಮಾರಿಗೆ ಇಳಿಸಿ. ಜೇಡಿಯೊಳಗಿನ ನೀರು ಅಷ್ಟು ಬೇಗ ಹೊರಬರುವುದಿಲ್ಲ. ಎದುರು ಆಸರೆಯಾಗಿದ್ದ ಕೆರೆ ನೀರು ಇದ್ದಕ್ಕಿದ್ದಂತೆ ಇಳಿದರೆ ನೆನೆದ ನೀರಿನ ಬದಿಯ ಇಳಿಜಾರು ಕಲ್ಲುಹೊದಿಕೆ ಸಮೇತ ಜಾರುತ್ತದೆ.

ಏರಿ ಎತ್ತರ, ಅಗಲ ಮಾಡೋ ಕಾಮಗಾರಿ ನಡೀತಿದೆ. ಊರವರು ಏನನ್ನು ಗಮನಿಸಬೇಕು?

ಹಳೆಯ ಮೈಯ ಮೇಲೆ ಟಿಪ್ಪರಿನಿಂದ ಮಣ್ಣು ಸುರಿದು ಜೆಸಿಬಿ ಬಕೆಟಿನಿಂದ ತಟ್ಟಿದರೆ ಅದು ಕಾಮಗಾರಿಯಲ್ಲ. ಹುಲ್ಲು, ಬೇರಿನ ಮಣ್ಣು 15–30 ಸೆಂ.ಮೀ. ಕೆತ್ತಿ, ಹಳೆಯ ಇಳಿಜಾರನ್ನು ಮೆಟ್ಟಿಲಾಗಿ ಕಡಿಯಬೇಕು. ಇಲ್ಲದಿದ್ದರೆ ಹೊಸ ಮಣ್ಣು ಹಳೆಯದರ ಮೇಲಿಂದ ಜಾರುತ್ತದೆ. ಮಣ್ಣು 20 ಸೆಂ.ಮೀ. ಮೀರದ ಪದರದಲ್ಲಿ ಬೀಳಬೇಕು, ರೋಲರ್ ಓಡಬೇಕು, ದಮ್ಮಸ್ಸು ಪ್ರಾಕ್ಟರ್ ಸಾಂದ್ರತೆಯ (ಪ್ರಯೋಗಾಲಯದ ಪರೀಕ್ಷೆಯಲ್ಲಿ ಅದೇ ಮಣ್ಣು ಮುಟ್ಟುವ ಗರಿಷ್ಠ ಸಾಂದ್ರತೆಯ) ಕನಿಷ್ಠ 95% ಮುಟ್ಟಬೇಕು. ತೇವಕ್ಕೆ ಕೈ ಪರೀಕ್ಷೆಯಿದೆ: ಮುಷ್ಟಿಯಲ್ಲಿ ಹಿಸುಕಿದರೆ ಉಂಡೆಯಾಗಬೇಕು, ಅಂಗೈ ಒದ್ದೆಯಾಗಬಾರದು, ಮುರಿದರೆ ಎರಡೋ ಮೂರೋ ತುಂಡಾಗಬೇಕು. ಪುಡಿಯಾದರೆ ನೀರು ಸಾಲದು.

ಇನ್ನೊಂದು ಪರೀಕ್ಷೆ ಹೆಚ್ಚಿನವರಿಗೆ ಗೊತ್ತಿಲ್ಲ. ಗಾಜಿನ ಲೋಟದಲ್ಲಿ ಡಿಸ್ಟಿಲ್ಡ್ ನೀರು ತೆಗೆದುಕೊಂಡು ಗೋಲಿಗಾತ್ರದ ಮಣ್ಣಿನ ಹೆಂಟೆ ಬಿಡಿ, ಕಲಕಬೇಡಿ. ಹೆಂಟೆ ಕುಸಿದರೂ ನೀರು ತಿಳಿಯಾಗಿದ್ದರೆ ಸರಿ. ಹತ್ತು ನಿಮಿಷದಲ್ಲಿ ಹೆಂಟೆಯ ಸುತ್ತ ಹಾಲಿನಂಥ ಮಬ್ಬು ಹರಡಿದರೆ ಅದು ನೀರಿನಲ್ಲಿ ತಾನೇ ಕದಡುವ ಸೋಡಿಯಂ ಹೆಚ್ಚಿನ ಮಣ್ಣು. ನೋಟಕ್ಕೆ ಒಳ್ಳೆಯ ಜೇಡಿಯಂತಿದ್ದರೂ ಏರಿಗೆ ಕೂಡದು. ಪ್ರಯೋಗಾಲಯದ ಪರೀಕ್ಷೆಗೆ ಒತ್ತಾಯಿಸಿ.

ಹಿಂಬದಿ ಇಳಿಜಾರಿಗೆ ಕಾಂಕ್ರೀಟ್ ಹೊದಿಸಿದರೆ ಒಸರು ನಿಲ್ಲುತ್ತಾ?

ನಿಲ್ಲುವುದಿಲ್ಲ, ಒಳಗೇ ಕಟ್ಟಿಕೊಳ್ಳುತ್ತದೆ. ಏರಿಯೊಳಗಿನ ನೀರಿನ ಮಟ್ಟ ಮೇಲೇರಿ ಇಳಿಜಾರು ಉಬ್ಬುತ್ತದೆ. ತಡೆ ಏನಿದ್ದರೂ ಕೆರೆಯ ಬದಿಯಲ್ಲಿ, ಹಿಂಬದಿಯಲ್ಲಿ ಬೇಕಾದ್ದು ಮಣ್ಣು ಬಿಡದೆ ನೀರು ಬಿಡುವ ಶೋಧಕ ಪದರ ಮತ್ತು ಕಲ್ಲಿನ ಬುಡ. ಶೋಧಕದ ಮರಳಿಗೂ ಅಳತೆಯಿದೆ: ಅದರ ಸಣ್ಣ ಕಣಗಳ ಗಾತ್ರ, ಅಂದರೆ ತೂಕದಲ್ಲಿ 15% ಯಾವ ಗಾತ್ರಕ್ಕಿಂತ ಸಣ್ಣದೋ ಅದು, ಏರಿಯ ಮಣ್ಣಿನ 85% ಗಾತ್ರದ 4–5 ಪಟ್ಟು ಮೀರಬಾರದು. ಮೀರಿದರೆ ಮಣ್ಣು ಅದರೊಳಗೆ ನುಸುಳಿ ಹೋಗುತ್ತದೆ. ದುಬಾರಿ ಜಲ್ಲಿಯನ್ನು ನೇರ ಮಣ್ಣಿನ ಮೇಲೆ ಹಾಕಿದ ಎಷ್ಟೋ ಕಾಮಗಾರಿಗಳು ಕೆಟ್ಟದ್ದು ಇದರಿಂದಲೇ.

ನಮ್ಮ ಏರಿ ಗಟ್ಟಿಯಾಗಿದೆ. ಮೇಲಿನ ಕೆರೆ ಒಡೆದರೆ?

ನಮ್ಮಲ್ಲಿ ಕೆರೆಗಳು ಸರಣಿಯಲ್ಲಿವೆ, ಒಂದರ ಕೋಡಿ ಇನ್ನೊಂದರ ಒಳಹರಿವು. ಮೇಲಿನ ಕೆರೆಯ 10 ಲಕ್ಷ ಘನ ಮೀಟರ್ ನೀರು ಒಂದು ಗಂಟೆಯಲ್ಲಿ ಬಂದರೆ ಸೆಕೆಂಡಿಗೆ ಸರಾಸರಿ 278 ಘನ ಮೀಟರ್. ಮೇಲೆ ಹೇಳಿದ 20 ಮೀಟರ್ ಕೋಡಿ 16 ಬಿಡುತ್ತದೆ. 2021ರ ನವೆಂಬರಿನಲ್ಲಿ ಅಂದಿನ ಕಡಪ ಜಿಲ್ಲೆಯಲ್ಲಿ ಮೇಲಿನ ಪಿಂಚಾ ಜಲಾಶಯದ ಕಟ್ಟೆ ಒಡೆದು, ಆ ನೀರೂ ಸೇರಿ ಚೆಯ್ಯೇರು ನದಿಯ ಅನ್ನಮಯ್ಯ ಅಣೆಕಟ್ಟಿನ ಮಣ್ಣಿನ ಭಾಗ ಕೊಚ್ಚಿಹೋಯಿತು. ಅಲ್ಲಿ ಒಂದು ಗೇಟು ಮೊದಲೇ ಕೆಲಸ ಮಾಡುತ್ತಿರಲಿಲ್ಲ.

ಆದ್ದರಿಂದ ತಪಾಸಣೆಯೂ ದುರಸ್ತಿಯೂ ಸರಣಿಯ ಮೇಲಿನ ಕೆರೆಯಿಂದ ಶುರುವಾಗಬೇಕು, ಅದು ಬೇರೆ ಪಂಚಾಯಿತಿಯದಾದರೂ ಸರಿ. ಪ್ರತಿ ಏರಿಗೆ ಇಬ್ಬರ ಫೋನ್ ನಂಬರಿನಂತೆ ಮೇಲಿಂದ ಕೆಳಗಿನವರೆಗೆ ಒಂದು ಪಟ್ಟಿ ಮಾಡಿ. ಕೋಡಿಯ ಗೋಡೆಗೆ 10 ಸೆಂ.ಮೀ.ಗೊಂದು ಗೆರೆ ಬಳಿಯಿರಿ. ನೀರು ಇಂತಿಷ್ಟನೇ ಗೆರೆ ಮುಟ್ಟಿದರೆ ಕೆಳಗಿನ ಊರಿಗೆ ಫೋನ್, ಅದರ ಮೇಲಿನ ಗೆರೆ ಮುಟ್ಟಿದರೆ ಮನೆ ಖಾಲಿ ಎಂದು ಎರಡೂ ಊರಿನವರು ಕೂತು ಮೇ ತಿಂಗಳೊಳಗೆ ತೀರ್ಮಾನಿಸಿ, ಒಂದು ಸಲ ರಾತ್ರಿ ಹೊತ್ತಿನಲ್ಲಿ ಪಟ್ಟಿಯ ಎಲ್ಲ ನಂಬರುಗಳಿಗೂ ಕರೆ ಮಾಡಿ ಯಾರು ಎತ್ತುತ್ತಾರೆಂದು ನೋಡಿ. ಎತ್ತದವರ ಜಾಗಕ್ಕೆ ಬೇರೆ ಹೆಸರು ಬರೆಯಿರಿ.